ಬಿಳಿ ಹರಳು ಕಾಣುವ ತನಕ

ಬಾಟಲಿ ಮತ್ತೆ ಬಂತು, ಯಾರೋ ಅರ್ಧ ಕುಡಿದು ಸೀಟಿನ ಕೆಳಗೆ ಬಿಟ್ಟುಹೋದ ನೀರಿನ ಬಾಟಲಿ, ನನ್ನ ಚಪ್ಪಲಿಗೆ ಬಡಿದು ಒಂದು ಗಳಿಗೆ ನಿಂತು, ಬಸ್ಸು ಏರು ಹತ್ತಿದ ಕೂಡಲೇ ಹಿಂದಕ್ಕೆ ಉರುಳಿತು — ಇಳಿಜಾರಿಗೆ ಮುಂದಕ್ಕೆ, ಏರಿಗೆ ಹಿಂದಕ್ಕೆ, ಬೀದರ್ ಬಿಟ್ಟಾಗಿನಿಂದ ಇದೇ ಆಟ, ಯಾರೂ ಎತ್ತುತ್ತಿಲ್ಲ, ನಾನೂ ಎತ್ತುತ್ತಿಲ್ಲ, ಎತ್ತಿದರೆ ಆಟ ನಿಂತುಹೋಗುತ್ತದೆ, ನದಿಯ ಕೊಳ್ಳ ಅಂದರೆ ಏನು ಎಂದು ಬಿ.ಎ. ಎರಡನೇ ವರ್ಷದವರಿಗೆ ಬೋರ್ಡಿನ ತುಂಬ ಗೆರೆ ಎಳೆದು ಗಂಟಲು ಹರಿದುಕೊಳ್ಳುವ ಬದಲು ಎಲ್ಲರನ್ನೂ ಒಂದು ದಿನ ಔರಾದ್ ಬಸ್ಸಿಗೆ ಹತ್ತಿಸಿ, ಈ ಬಾಟಲಿ ನೋಡಿರಿ ಅಂದಿದ್ದರೆ ಮುಗಿಯುತ್ತಿತ್ತು, ನೆಲ ಯಾವ ಕಡೆ ಬಾಗಿದೆಯೋ ಆ ಕಡೆಗೆ ನೀರು, ಅಷ್ಟೇ ವಿದ್ಯೆ, ಮಿಕ್ಕಿದ್ದೆಲ್ಲ ಪರೀಕ್ಷೆಗೆ. ಗಾಂಧಿ ಗಂಜಿನ ಮಗ್ಗುಲಲ್ಲಿ ಹೊಸ ತೊಗರಿಯ ಲಾರಿಗಳು ಅಡ್ಡ ನಿಂತು, ಒಬ್ಬ ಹಮಾಲ ತನ್ನ ಕೈಗಾಡಿ ಓರೆ ಮಾಡಿ ದಾರಿ ಬಿಡುವ ತನಕ ಬಸ್ಸು ಗುರುಗುಟ್ಟುತ್ತ ನಿಂತಿತ್ತು, ಆಗಲೂ ಬಾಟಲಿ ಮೆಲ್ಲಗೆ ಎಡಕ್ಕೆ ಸರಿಯಿತು, ಅಂದರೆ ಅಲ್ಲಿಯೂ ಒಂದು ಇಳಿಜಾರು ಇದೆ, ಗಂಜಿನ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಅಲ್ಲಿ ತೊಗರಿ ತೂಗುವವರಿಗೆ ಯಾರು ಹೇಳಬೇಕು, ನಾನೇ ಹೇಳಬೇಕು, ಅದಕ್ಕೇ ಅಲ್ಲವೇ ಎರಡು ವರ್ಷ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಭಾಲ್ಕಿಯಿಂದ ಔರಾದಿನ ತನಕ ಹಳ್ಳ ಹಳ್ಳ ಅಲೆದದ್ದು, ರಜೆಯೆಲ್ಲ ಹಾಳು, ಮುಖ ಕರ್ರಗೆ, ಅಮ್ಮ ಬೈದು ಬೈದು ಸುಮ್ಮನಾದಳು, ಕೊನೆಗೆ ಆಗಿದ್ದು ಮುಕ್ಕಾಲು ಗಂಟೆಯ ಸಿನಿಮಾ, ಹೆಸರು ಮಾಂಜ್ರಾ ಕೊಳ್ಳ, ಹಾಡಿಲ್ಲ, ಹೀರೊ ಇಲ್ಲ, ಇರುವುದೆಲ್ಲ ಹಳ್ಳ, ಕೆರೆ, ಬಾವಿ, ಉಸುಕು, ಅದರ ದಂಡೆಯ ಜನ. ಮಡಿಲಲ್ಲಿರುವ ಬ್ಯಾಗಿನಲ್ಲಿ ಅದರ ಎರಡು ಪ್ರತಿ ಇವೆ, ಒಂದರಲ್ಲಿ ನನ್ನ ಅಜ್ಜಿ ಇದ್ದಾಳೆ, ಇನ್ನೊಂದರಲ್ಲಿ ಇಲ್ಲ. ಇವತ್ತು ಸಂಜೆ ಚಿಂತಾಕಿಯಲ್ಲಿ ಯಾವುದನ್ನು ತೋರಿಸುವುದು ಎಂದು ಇನ್ನೂ ಗೊತ್ತಿಲ್ಲ.

ನಿನ್ನೆ ಫೋನ್ ಬಂದಾಗ ಅಕ್ಕಿ ತೊಳೆಯುತ್ತಿದ್ದೆ, ಒದ್ದೆ ಕೈಯಲ್ಲೇ ಎತ್ತಿದೆ, ಚಿಂತಾಕಿಯ ಶಾಲೆಯ ಮಾಸ್ತರು ಸತೀಶಕುಮಾರ, ಒಳ್ಳೆಯ ಮನುಷ್ಯ, ಅದೇ ತೊಂದರೆ, ಕೆಟ್ಟವನಾಗಿದ್ದರೆ ಫೋನ್ ಇಟ್ಟು ಅಕ್ಕಿ ತೊಳೆಯುತ್ತಿದ್ದೆ — ಮೇಡಮ್ಮೋರ, ನೀವು ಕಳಿಸಿದ್ದು ನೋಡಿದೆ, ಪಿಚ್ಚರ್ ಭಾಳ ಛಲೋ ಬಂದದರಿ, ಖರೇ ಹೇಳ್ತೇನಿ, ಆದ್ರ ನಿಮ್ಮ ಅಜ್ಜಿಯವರದೊಂದು ತುಕಡಾ ಅದ ನೋಡ್ರಿ, ಅದೊಂದು ತೆಗೀರಿ. ಯಾಕ್ರಿ ಸರ್? ಯಾಕಂದ್ರ ಏನ್ ಹೇಳ್ಲಿರಿ, ಹಳೀ ಮಾತು, ಈಗ ಯಾಕ ಕೆದರೋದು, ನಾಳಿ ಸಂಜಿಗಿ ಊರು ಕೂಡ್ತದ, ಮೂರು ವರ್ಷದ ಮಾತು ಮುಗೀತು, ಮುಂದ ಮಡುವಿಗಿ ಮೋಟರ್ ಹಚ್ಚೋದೋ ಬ್ಯಾಡೋ, ಉಸುಕು ಎತ್ತೋದೋ ಬ್ಯಾಡೋ, ಎಲ್ಲಾ ನಾಳಿಗೇ ನಕ್ಕಿ ಆಗ್ತದ, ಕುರಿಯವರ ಓಣಿ ಕೈ ಎತ್ತಿದ್ರ ಮಡು ಉಳೀತದ, ನಿಮ್ಮ ಆಯಿ ಅವರನ್ನೇ ಅಂದಂಗ ಅದ, ಅವರು ಸಿಟ್ಟಿಗಿ ಬಂದ್ರ ಹೋತ್ರಿ, ಎಲ್ಲಾ ಹೋತು. ಇದೇ ಸತೀಶಕುಮಾರ ಮೂರು ವರ್ಷದ ಹಿಂದೆ ಮನೆ ಮನೆಗೆ ಹೋಗಿ ಚಹಾ ಕುಡಿದು ಕುಡಿದು ಹೊಟ್ಟೆ ಕೆಡಿಸಿಕೊಂಡು, ಚಿಂತಾಕಿಯ ಕೆಳಗೆ ಮಾಂಜ್ರಾದ ಕಡೆಗೆ ಹರಿಯುವ ಆ ಹಳ್ಳವನ್ನು ಮೂರೇ ಮೂರು ವರ್ಷ ಅದರ ಪಾಡಿಗೆ ಬಿಡಿರಿ ಎಂದು ಕಾಡಿ ಬೇಡಿ ಒಪ್ಪಿಸಿದವನು, ಅವನ ಮಾತನ್ನು ಅಲ್ಲಗಳೆಯುವುದು ಹೇಗೆ, ಸಂಕ್ರಾಂತಿ ಕಳೆದು ಸುತ್ತಲಿನ ಹಳ್ಳಗಳೆಲ್ಲ ಒಣಗಿದರೂ ಈ ವರ್ಷ ಅಲ್ಲಿ ಮಡುವಿನಲ್ಲಿ ಎದೆಮಟ್ಟ ನೀರು ನಿಂತಿದೆ, ನನ್ನ ಸಿನಿಮಾದಲ್ಲಿ ಸಂತೋಷದ್ದು ಎಂದು ಇರುವುದು ಅದೊಂದೇ ಜಾಗ, ಅದನ್ನು ಉಳಿಸಲಿಕ್ಕೆಂದೇ ಸಿನಿಮಾ, ಸಿನಿಮಾದಿಂದಲೇ ಅದು ಹೋದರೆ? ಆಯ್ತು ಸರ್, ನೋಡ್ತೇನಿ ಅಂದೆ. ಆಮೇಲೆ ಕೂತು ಅಜ್ಜಿಯನ್ನು ತೆಗೆದು ಇನ್ನೊಂದು ಪ್ರತಿ ಮಾಡಿದೆ, ಮಾಡಲು ಹತ್ತು ನಿಮಿಷವೂ ಹಿಡಿಯಲಿಲ್ಲ, ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು ಬಂತು.

ಕೆಂಪು ನೆಲ ಬೀದರಿನ ಜೊತೆಗೇ ಹಿಂದೆ ಉಳಿಯಿತು, ಎರಡೂ ಕಡೆ ಕರಿಮಣ್ಣು, ಕೊಯ್ದ ತೊಗರಿಯ ಕೂಳೆ, ಬಾಟಲಿ ಮುಂದಕ್ಕೆ ಓಡಿತು, ಅಂದರೆ ಈಗ ಸೇತುವೆ — ಬಂತು, ಮಾಂಜ್ರಾ, ಅಗಲವಾಗಿ, ನಡುವೆ ಒಂದು ಪಟ್ಟಿ ನೀರು, ಬಸ್ಸಿನಲ್ಲಿ ಯಾರೂ ತಲೆ ಎತ್ತಲಿಲ್ಲ, ಒಬ್ಬ ಮುದುಕ ಮಾತ್ರ ಕಿಟಕಿಯಿಂದ ಒಂದು ನಾಣ್ಯ ಎಸೆದು ಕೈ ಮುಗಿದ, ಅವನ ನಾಣ್ಯ ಉಸುಕಿನ ಮೇಲೆ ಬಿದ್ದಿರಬೇಕು. ಅಜ್ಜಿ ಎಂದೂ ನದಿಗೆ ಕೈ ಮುಗಿದದ್ದು ನಾನು ನೋಡಿಲ್ಲ. ಭಾಲ್ಕಿಯಲ್ಲಿ ಚಿಕ್ಕಪ್ಪನ ಮನೆಯ ಪಡಸಾಲೆಯಲ್ಲಿ, ಬುದ್ಧನ ಫೋಟೊದ ಕೆಳಗೆ, ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದಾಗ ಕ್ಯಾಮೆರಾ ಇಟ್ಟು ಕೇಳಿದೆ, ಅಜ್ಜಿ, ನಿನ್ನ ತವರಿನ ಹಳ್ಳದ ಬಗ್ಗೆ ಹೇಳು, ಅವಳ ತವರು ಚಿಂತಾಕಿ, ಮದುವೆಯಾಗಿ ಭಾಲ್ಕಿಗೆ ಬಂದವಳು, ನನಗೆ ಬೇಕಾಗಿದ್ದದ್ದು ಈಜಿದ್ದು, ಮೀನು ಹಿಡಿದದ್ದು, ಗೆಳತಿಯರ ಜೊತೆ ಬಟ್ಟೆ ಒಗೆಯುತ್ತ ಹಾಡಿದ್ದು, ಏನಾದರೊಂದು ಸಿಹಿ, ಅಜ್ಜಿ ಸೊಪ್ಪಿನಿಂದ ಕಣ್ಣೆತ್ತದೆ ಹೇಳಿದಳು — ಏನ್ ಹೇಳ್ಲಿ, ಹಳ್ಳ ಅವರದು, ಉಸುಕು ನಮ್ದು. ಮ್ಯಾಲ ಮಡು, ಅಲ್ಲಿ ನಾವು ಕಾಲು ಇಡ್ತಿದ್ದಿಲ್ಲ, ಕೆಳಗ ಉಸುಕಿನಾಗ ಕೈಲೇ ಕೆದರಿ ವರತಿ ತೆಗೀತಿದ್ದೆವು, ಛಲೋ ನೀರು ಬರ್ತಿತ್ತು, ಸುಳ್ಳು ಯಾಕ ಹೇಳ್ಲಿ, ಆದ್ರ ಕುರಿ ಉಣ್ಣಿ ಕತ್ತರಸೋ ಹೊತ್ತು ಬಂತಂದ್ರ ಮ್ಯಾಲ ಮಡುದಾಗ ಕುರಿ ತೊಳೀತಿದ್ರು, ಹಿಂಡಗಟ್ಲೆ, ಆ ರಾಡಿ ಎಲ್ಲಾ ಉಕ್ಕಿ ನಮ್ಮ ವರತಿ ಬಾಯಿಗಿ ನುಗ್ಗತಿತ್ತು. ಮತ್ತೇನು ಮಾಡ್ತಿದ್ದಿ ಅಜ್ಜಿ? ನಾ ಒಂದು ಬಿಳಿ ಹರಳ ಇಟ್ಕೊಂಡಿದ್ದೆ, ಅದನ್ನ ವರತಿದಾಗ ಹಾಕಿ, ಕೊಡ ಮಗ್ಗಲಿಗಿ ಇಟ್ಟು ಕುಂದರ್ತಿದ್ದೆ, ಹರಳ ಕಾಣಸ್ತಂದ್ರ ನೀರು ತಿಳಿ ಆದಂಗ, ತುಂಬಬೇಕು. ಕಾಣಲಿಲ್ಲಂದ್ರ? ಕಾಣಲಿಲ್ಲಂದ್ರ ಕುಂದ್ರಬೇಕು, ಒಮ್ಮೊಮ್ಮಿ ಹೊತ್ತು ಮುಳುಗೂತನ ಕುಂದರ್ತಿದ್ದೆ, ಕಡೀಗಿ ರಾಡಿಗಿ ಕಾಣವಲ್ದೊ ಕತ್ತಲಿಗಿ ಕಾಣವಲ್ದೊ ಅದೂ ತಿಳೀತಿದ್ದಿಲ್ಲ. ಅಷ್ಟು ಹೇಳಿ ಅಜ್ಜಿ ನಕ್ಕಳು, ದೊಡ್ಡದಾಗಿ, ಹಲ್ಲಿಲ್ಲದ ಬಾಯಿ ತೆರೆದು, ಆ ನಗು ಇದೆಯಲ್ಲ, ಅದನ್ನು ಎಷ್ಟು ಸಲ ಹಾಕಿ ನೋಡಿದರೂ ನನಗೆ ನಗು ಬರುವುದಿಲ್ಲ. ಆಮೇಲೆ ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡುತ್ತ ಅಂದಳು, ನನ್ನ ಮಾತು ಹಾಕ್ತಿ ಅಂದ್ರ ಪೂರಾ ಹಾಕು, ಅರ್ಧ ಕೊಯ್ದಿ ಅಂದ್ರ ನನ್ನ ಮಾರಿನೂ ಬ್ಯಾಡ.

ಪೂರಾ ಹಾಕು ಅಂದವಳಿಗೆ ಹೂಂ ಅಂದಿದ್ದೆ, ನೋಡ್ತೇನಿ ಸರ್ ಎಂದು ಮಾಸ್ತರಿಗೂ ಅಂದಿದ್ದೇನೆ, ಎರಡೂ ಕಡೆ ಉರುಳುವ ಬಾಟಲಿ ಇದೇ ನೋಡು, ಸೀಟಿನ ಮೇಲೆ ಕೂತಿದೆ, ಹೆಸರು ವಿಶಾಖಾ, ಭೂಗೋಳದ ಲೆಕ್ಚರರ್. ಸಂತಪುರ, ಸಂತಪುರ, ಇಳೀರಿ ಬಾಯಾರ, ಕಂಡಕ್ಟರ್ ಕೂಗಿದ — ಇಳಿದೆ, ಇಳಿಯುವ ಮೊದಲು ಬಾಟಲಿ ಎತ್ತಿಕೊಂಡೆ, ನಿಲ್ದಾಣದ ಬೇವಿನ ಗಿಡದ ಬುಡಕ್ಕೆ ನೀರು ಸುರಿದೆ, ಶೀತಲ ಸ್ಕೂಟಿಯ ಮೇಲೆ ಕೂತು ಬಾರೆಹಣ್ಣು ತಿನ್ನುತ್ತ ನನ್ನನ್ನೇ ನೋಡುತ್ತಿದ್ದಳು, ಗಿಡಕ್ಕ ಎಂಜಲ ನೀರು ಹಾಕ್ಲತ್ತಿ, ಪಾಪ ಹತ್ತತದ ನೋಡು, ಎಂದು ನಕ್ಕಳು. ಇವಳು ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ, ಸಿನಿಮಾದಲ್ಲಿ ನನ್ನ ಕಿವಿ, ಹಳ್ಳದ ಸಪ್ಪಳ, ಹಕ್ಕಿ, ಜನರ ಮಾತು ಎಲ್ಲ ಇವಳೇ ಹಿಡಿದದ್ದು, ಇವಳ ತಂದೆ ಧೊಂಡಿಬಾ ಚಿಂತಾಕಿಯ ಕುರಿಯವರ ಓಣಿಯ ಹಿರಿಯ, ಅಂದರೆ ಅಜ್ಜಿ ಹೇಳಿದ ಹಿಂಡು ಇವಳ ಅಜ್ಜನ ಹಿಂಡು, ಇದು ಇಬ್ಬರಿಗೂ ಗೊತ್ತು, ಅಜ್ಜಿಯ ಮಾತಿಗೆ ಮೈಕ್ ಹಿಡಿದವಳೂ ಇವಳೇ, ಆವತ್ತು ಭಾಲ್ಕಿಯಿಂದ ಬರುವಾಗ ದಾರಿಯುದ್ದಕ್ಕೂ ಹೆಡ್‌ಫೋನ್ ತೆಗೆಯಲೇ ಇಲ್ಲ. ಸ್ಕೂಟಿ ಹೊರಟ ಮೇಲೆ ಅಂದಳು, ಏ ವಿಶಾಖಾ, ಸಿಟ್ಟಿಗಿ ಬರಬ್ಯಾಡ, ಒಂದು ಮಾತು ಹೇಳ್ತೇನಿ. ಹೇಳು. ನಿನ್ನಿ ರಾತ್ರಿ ನಮ್ಮ ಆಯಿಗಿ ತೋರಿಸ್ದೆ. ಏನು ತೋರಿಸಿದಿ? ನಿಮ್ಮ ಅಜ್ಜಿದು. ಸ್ಕೂಟಿ ಗುಂಡಿಗೆ ಇಳಿದು ಎದ್ದಿತು, ನನ್ನ ಎದೆಯೂ. ಆಯಿ ಎಂದರೆ ಪುತಳಾಬಾಯಿ, ಧೊಂಡಿಬಾನ ತಾಯಿ, ಈ ಊರಿಗೆ ಸೊಸೆಯಾಗಿ ಬಂದ ವರ್ಷದಿಂದ ಆ ಮಡುವಿನಲ್ಲಿ ನಿಂತು ಕುರಿ ತೊಳೆದವಳು, ಓಣಿಯಲ್ಲಿ ಅವಳ ಮಾತು ಮೀರಿ ಒಂದು ಕುರಿಮರಿಯೂ ಕೂಗುವುದಿಲ್ಲ, ನನ್ನನ್ನು ಕೇಳದೆ, ನಾನು ಇನ್ನೂ ಏನೂ ತೀರ್ಮಾನ ಮಾಡದೆ, ಇವತ್ತೇ ಸಂಜೆ ಊರು ಕೂಡುವಾಗ — ಏನಂದಳು? ಇದು ನರಸಿಂಗನ ಮಗಳು ಶೇವಂತಾ ಅಲ್ಲೇನ ಅಂದ್ಳು, ಇನ್ನೊಮ್ಮಿ ಹಾಕು ಅಂದ್ಳು, ಹಾಕ್ದೆ, ಮತ್ತೊಮ್ಮಿ ಹಾಕು ಅಂದ್ಳು, ಆಮ್ಯಾಲ ಉಣಲಾರದ ಮಲಕೊಂಡ್ಳು. ಉಣದೆ ಮಲಗಿದಳಂತೆ, ಸಿಟ್ಟಿಗೆ ಉಣ್ಣಲಿಲ್ಲವೋ ನೋವಿಗೆ ಉಣ್ಣಲಿಲ್ಲವೋ, ಕೇಳಿದರೆ ಶೀತಲ ಹೆಗಲು ಏರಿಸಿದಳು, ನನಗೇನು ಗೊತ್ತು, ನಮ್ಮ ಆಯಿ ಮಾರಿ ನೋಡಿದ್ರ ಮಳಿ ಬರ್ತದೋ ಇಲ್ಲೋ ಅನ್ನೋದೂ ತಿಳಿಯೂದಿಲ್ಲ. ಚಿಂತಾಕಿ ಹತ್ತಿರ ಬಂದಾಗ ಬಾರೆಹಣ್ಣಿನ ಪೊಟ್ಟಣ ಹಿಂದಕ್ಕೆ ಚಾಚಿದಳು, ತೆಗೆದುಕೊಂಡೆ, ಹುಳಿಯಾಗಿತ್ತು.

ಆದರೆ ನೀರು ನೋಡಿದ ಕೂಡಲೇ ಸಿಟ್ಟು ಮರೆತೆ, ಏನು ಮಾಡಲಿ, ನನ್ನ ಹಣೆಬರಹವೇ ಹೀಗೆ, ಹಳ್ಳ ಕಂಡರೆ ಬಾಯಿ ಅಗಲವಾಗುತ್ತದೆ. ಮೇಲೆ ಬಂಡೆಗಳ ನಡುವೆ ಮಡು, ಹಸಿರು ಕಪ್ಪು ನೀರು, ಅದರ ತುದಿಯಿಂದ ಒಂದು ತೆಳು ಹರಿವು ಕೆಳಗಿನ ಉಸುಕಿನ ಮೇಲೆ ಹರಡಿ, ಉಸುಕಿನೊಳಗೇ ಅರ್ಧ ಇಳಿದು, ಅತ್ತ ತಿರುವಿನಲ್ಲಿ ಮತ್ತೆ ಎದ್ದು ಒಂದು ಸಣ್ಣ ಗುಂಡಿಯಾಗಿ ನಿಂತಿದೆ, ಮೂರು ವರ್ಷ ಟ್ರ್ಯಾಕ್ಟರ್ ಇಳಿಯದ ಉಸುಕು ಹೇಗೆ ದಪ್ಪಗೆ ಕೂತಿದೆ, ಕಾಲಿಟ್ಟರೆ ತಣ್ಣಗೆ, ಒಳಗೆಲ್ಲ ನೀರು, ಕಾಣದ ನೀರು, ಇದನ್ನು ಕ್ಯಾಮೆರಾದಲ್ಲಿ ತೋರಿಸುವುದು ಹೇಗೆ ಎಂದು ಎರಡು ವರ್ಷ ಒದ್ದಾಡಿದ್ದೇನೆ, ಆಗ ಅಲ್ಲಿ, ಉಸುಕಿನ ನಡುವೆ, ಒಬ್ಬ ಹೆಂಗಸು ಕೂತು ತೆಂಗಿನ ಚಿಪ್ಪಿನಿಂದ ಕೊಡಕ್ಕೆ ನೀರು ತುಂಬುತ್ತಿದ್ದಳು. ಪ್ರಣಾಲಿ, ಅಜ್ಜಿ ಹುಟ್ಟಿದ ಓಣಿಯ ಸೊಸೆ, ಉದಗೀರ್ ಕಡೆಯವಳು, ಮನಿಯಾಗ ನಳ ಅದಲ್ಲ, ಇಲ್ಲಿ ಯಾಕ ಅಂದೆ. ನಳದಾಗ ಬೋರಿನ ನೀರ್ರಿ ಅಕ್ಕೋರ, ಅದಕ್ಕ ಬ್ಯಾಳಿ ಬೇಯೂದಿಲ್ಲ, ಸೀಟಿ ಹೊಡದು ಹೊಡದು ಕುಕ್ಕರ್ ದಣೀತದ, ಈ ವರತಿ ನೀರಿಗಿ ಎರಡು ಸೀಟಿ ಸಾಕು, ಬೆಣ್ಣಿ ಆಗ್ತದ, ಉಸುಕು ಒಯ್ಯೋರು ಬಂದಾಗಿಂದ ಇದು ಬತ್ತಿತ್ತಂತ, ಈಗ ಮತ್ತ ಬರ್ಲಕತ್ತದ. ಕ್ಯಾಮೆರಾ ಹಿಡಿದು ಬಗ್ಗಿ ನೋಡಿದೆ, ಒಂದು ಮೊಳ ಆಳ, ಬದಿಗಳೆಲ್ಲ ಕುಸಿಯದಂತೆ ಕಲ್ಲು ಒತ್ತಿದ್ದಾರೆ, ತಳದಲ್ಲಿ ಉಸುಕಿನ ಕಣಗಳು ಮೆಲ್ಲಗೆ ಕುಣಿಯುತ್ತಿವೆ, ನೀರು ಅಲ್ಲಿಂದಲೇ ಏಳುತ್ತಿದೆ, ಮುಖ ಕಂಡಿತು, ನನ್ನದು, ಮೂಗು ದೊಡ್ಡದಾಗಿ, ಅಜ್ಜಿಯದೇ ಮೂಗು. ಇಲ್ಲಿಯೇ ಕೂತಿದ್ದಳೋ, ಇನ್ನೂ ಆಚೆಗೋ, ಉಸುಕು ಪ್ರತಿ ಮಳೆಗೆ ಜಾಗ ಬದಲಿಸುತ್ತದೆ, ಯಾರಿಗೆ ಗೊತ್ತು, ಒಂದು ಹುಡುಗಿ, ಮಗ್ಗುಲಲ್ಲಿ ಖಾಲಿ ಕೊಡ, ಕಣ್ಣು ನೀರಿನೊಳಗೆ, ಬಿಳಿ ಹರಳು ಕಾಣುವ ತನಕ.

ಮೇಲಿನಿಂದ ಗದ್ದಲ — ಹೋಯ್ ಹೋಯ್ ಹಚಾ — ಕುರಿಗಳು ಬಂದವು, ದಂಡೆಯ ತುಂಬ ಕರಿ ಉಣ್ಣೆ, ಧೂಳು, ಧೊಂಡಿಬಾ ತಲೆಗೆ ಕೆಂಪು ಪಟಗ ಸುತ್ತಿಕೊಂಡು ಮದುವೆಗೆ ಬಂದವನ ಗತ್ತಿನಲ್ಲಿ, ಓಣಿಯ ಗಂಡಸರು ಆಗಲೇ ಮಡುವಿನಲ್ಲಿ ಸೊಂಟದ ತನಕ ಇಳಿದು ಸಾಲಾಗಿ ನಿಂತಿದ್ದರು, ಚಳಿಗೆ ಹಲ್ಲು ಕಟಕಟ, ಹಿಂದೆ ಹೀಗೇ ಮಾಡುತ್ತಿದ್ದರಂತೆ, ಉಣ್ಣೆ ಕತ್ತರಿಸುವ ಮೊದಲು ಕುರಿಯನ್ನು ಕೈಯಿಂದ ಕೈಗೆ ದಾಟಿಸುತ್ತ ತೊಳೆದು ಆಚೆ ದಂಡೆಗೆ ಹತ್ತಿಸುವುದು, ಉಣ್ಣೆ ಬೆಳ್ಳಗೆ ಅಲ್ಲದಿದ್ದರೂ ಕಪ್ಪಗೆ ಹೊಳೆಯಬೇಕು, ಮಡು ಬತ್ತಿದ ಮೇಲೆ ಬೋರಿನ ಪೈಪು ಹಿಡಿದು ಮೈ ಒದ್ದೆ ಮಾಡಿ ಮುಗಿಸುತ್ತಿದ್ದರು, ಈ ವರ್ಷ ಮತ್ತೆ ಮಡು, ಇದನ್ನೇ ಕೊನೆಯ ಶಾಟ್ ಎಂದು ನಾನು ಬಯಸಿದ್ದು, ಬೆಳಗ್ಗೆ ತೆಗೆದು ಮಧ್ಯಾಹ್ನ ಜೋಡಿಸಿ ಸಂಜೆ ಊರಿಗೆ ತೋರಿಸಬೇಕು, ನೋಡಿರಿ ನಿಮ್ಮ ನೀರು, ನಿಮ್ಮ ಕುರಿ, ನಿಮ್ಮ ಕೈ. ಧೊಂಡಿಬಾ ಕ್ಯಾಮೆರಾದ ಕಡೆ ತಿರುಗಿ, ತೆಗಿಯವ್ವ, ಛಂದ ತೆಗಿ, ಅಂದು ತನ್ನ ಟಗರನ್ನು ಮುಂದೆ ನೂಕಿದ, ಟಗರಿನ ಹೆಸರು ಸರ್ದಾರ, ಸುರುಳಿ ಕೊಂಬು, ಅದು ಇಳಿದರೆ ಹಿಂಡೆಲ್ಲ ಹಿಂದೆ ಇಳಿಯುತ್ತದೆ, ಸರ್ದಾರ ಎರಡು ಮುಂಗಾಲು ನೀರಿನಲ್ಲಿ ಇಟ್ಟು ನಿಂತ. ನಿಂತೇ ಬಿಟ್ಟ. ನೀರು ನೋಡಲಿಲ್ಲ, ಮೂಸಲಿಲ್ಲ, ಆಕಾಶ ನೋಡಿದ. ನೂಕಿದರು, ಕೊಂಬು ಹಿಡಿದು ಎಳೆದರು, ಬಾಲ ತಿರುವಿದರು, ಧೊಂಡಿಬಾ ಹಿಂದಿನಿಂದ ಹೆಗಲು ಕೊಟ್ಟ, ಟಗರು ಸರಕ್ಕನೆ ಪಕ್ಕಕ್ಕೆ ಜಾರಿ ಧೊಂಡಿಬಾ ಪಟಗದ ಸಮೇತ ನೀರಿಗೆ, ಗಂಡಸರೆಲ್ಲ ಹೋ ಎಂದು ನಕ್ಕರು, ಏ ಅದು ತೆಗೀಬ್ಯಾಡವ್ವ, ಅದು ಕೊಯ್ದು ಹಾಕು! ಅವಕ್ಕ ಇದು ನೀರಂತ ಗೊತ್ತೇ ಇಲ್ಲೋ ಕಾಕಾ, ಅಂದ ನೀರೊಳಗಿನ ಒಬ್ಬ, ಅವು ಬಕೆಟ್ ಬಡದ್ರ ಬರೋ ಕುರಿ. ನಿಜ, ಈ ಹಿಂಡು ಹುಟ್ಟಿದ್ದೇ ಬೋರಿನ ಕಾಲದಲ್ಲಿ, ಮೋಟರ್ ಹಚ್ಚಿ ಟಾಕಿ ತುಂಬಿ ತಗಡಿನ ಬಕೆಟ್ಟು ಬಡಿದರೆ ಓಡಿ ಬರುತ್ತವೆ, ಅವುಗಳ ಪಾಲಿಗೆ ನೀರು ಅಂದರೆ ಆ ಸಪ್ಪಳ, ಕಣ್ಣ ಮುಂದೆ ತುಂಬಿ ನಿಂತ ಮಡು ಅಲ್ಲ, ನಾನು ನಕ್ಕೆ, ಆಮೇಲೆ ನಗು ನಿಂತಿತು, ನಮ್ಮ ಬಿ.ಎ. ಮಕ್ಕಳೂ ಇಷ್ಟೇ, ನಳದ ಸಪ್ಪಳ ಗೊತ್ತು, ಹಳ್ಳ ಗೊತ್ತಿಲ್ಲ. ಮ್ಯಾಲಿಂದ ಬಕೆಟ್ ತರಿಸ್ರಿ, ನೀರಿನ ನಡುವ ನಿಂತು ಬಡದ್ರ ತಾವಾಗೇ ಇಳೀತಾವ, ಅಂದರು, ಯಾರೋ ಓಣಿಗೆ ಫೋನ್ ಮಾಡಿದರು.

ಬಕೆಟ್ಟಿಗೆ ಕಾಯುತ್ತ ಒಳ್ಳೆಯ ಜಾಗ ಹುಡುಕಿ ಕೆಳಕ್ಕೆ ಸರಿದೆ, ಸರಿಯುತ್ತ ಸರಿಯುತ್ತ ಒಂದು ಕಡೆ ನಿಂತಾಗ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬಂತು, ಮೇಲೆ ಮಡು, ಗಂಡಸರು, ಹಿಂಡು, ಕೆಳಗೆ ಉಸುಕಿನಲ್ಲಿ ವರತಿ, ಅದರ ಮಗ್ಗುಲಲ್ಲಿ ಪ್ರಣಾಲಿ, ಅವಳ ಕೊಡ, ಚಿಪ್ಪು — ಏನು ಚಂದ, ಕೈ ತಾನಾಗಿ ಬಟನ್ ಒತ್ತಿತು, ಒತ್ತಿದ ಮೇಲೆ ತಿಳಿಯಿತು, ಇದು ಅಜ್ಜಿ ಹೇಳಿದ್ದೇ, ಅಕ್ಷರಕ್ಕೆ ಅಕ್ಷರ, ಮೇಲೆ ಅವರು, ಕೆಳಗೆ ನಾವು, ಇನ್ನೊಂದು ಗಳಿಗೆಗೆ ಟಗರು ಇಳಿಯುತ್ತದೆ, ಹಿಂಡು ಇಳಿಯುತ್ತದೆ, ವರ್ಷದ ಹಿಕ್ಕೆ, ಧೂಳು, ಎಣ್ಣೆಜಿಡ್ಡು ಎಲ್ಲ ಕರಗಿ ಆ ತೆಳು ಹರಿವಿನಲ್ಲಿ ಕೂಡಿ ಪ್ರಣಾಲಿಯ ಬೇಳೆಯ ನೀರಿಗೆ ಬರುತ್ತದೆ, ಯಾರಿಗೂ ಕೆಟ್ಟ ಮನಸ್ಸಿಲ್ಲ, ಯಾರಿಗೂ ನೆನಪೇ ಇಲ್ಲ, ಕುರಿ ತೊಳೆಯುವ ಜಾಗ ಅದು, ಅಲ್ಲೇ ತೊಳೆಯುತ್ತಾರೆ, ನೀರು ವಾಪಸು ಬಂತು, ಅದರ ಜೊತೆಗೆ ಇದೂ ವಾಪಸು ಬಂತೇ? ಹೇಳು ವಿಶಾಖಾ, ಬಾಯಿ ತೆಗೆ, ಇಷ್ಟು ಜನ ಇದ್ದಾರೆ, ಇದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಸತೀಶಕುಮಾರ ಬಂಡೆಯ ಮೇಲೆ ನಿಂತು ನನ್ನ ಕಡೆಗೇ ನೋಡುತ್ತಿದ್ದಾನೆ, ಅಂಗೈ ಕೆಳಗೆ ಮಾಡಿ ಮೆಲ್ಲಗೆ ಒತ್ತುತ್ತಾನೆ, ಸಮಾಧಾನ, ಸಮಾಧಾನ, ಸಂಜೆಯ ತನಕ ಸಮಾಧಾನ, ಕೈ ಎತ್ತುವ ತನಕ ಸಮಾಧಾನ. ಕಾಕಾ — ಅಂದೆ. ಧೊಂಡಿಬಾ ಪಟಗ ಹಿಂಡುತ್ತ ತಿರುಗಿದ, ಏನವ್ವ? ಏನಿಲ್ರಿ ಕಾಕಾ. ಏನಿಲ್ರಿ ಅಂದೆ, ನಾನು, ಭಾಲ್ಕಿಯಲ್ಲಿ ಆ ನಗು ಕೇಳಿಸಿಕೊಂಡು ಬಂದವಳು, ಏನಿಲ್ರಿ ಅಂದೆ, ಕೆನ್ನೆ ಬಿಸಿಯಾಯಿತು, ಅಳು ಬಂತು, ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡೆ, ಶೀತಲ ಹೆಡ್‌ಫೋನಿನಲ್ಲಿ ನನ್ನ ಉಸಿರು ಕೇಳಿರಬೇಕು, ಹತ್ತಿರ ಬಂದು ನಿಂತಳು.

ಆಗ ಬಕೆಟ್ಟು ಬಂತು. ಪುತಳಾಬಾಯಿಯೇ ಹಿಡಿದು ಬಂದಿದ್ದಳು, ಹಸಿರು ಕಚ್ಚೆ ಸೀರೆ, ಬಾಗಿದ ಬೆನ್ನು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಕೋಲು, ಆಯಿ ನೀ ಯಾಕ ಬರಲಾಕ ಹೋದಿ, ತಾ ಇಲ್ಲಿ, ಎಂದು ಧೊಂಡಿಬಾ ಕೈ ಚಾಚಿದ, ಅವಳು ಕೊಡಲಿಲ್ಲ, ಮಡುವಿನ ಕಡೆ ನೋಡಲೂ ಇಲ್ಲ, ನೇರ ಉಸುಕಿಗೆ ಇಳಿದು ನನ್ನ ಹತ್ತಿರ ಬಂದಳು, ಕಣ್ಣು ಕಿರಿದು ಮಾಡಿ ನನ್ನ ಮುಖ ನೋಡಿದಳು, ಶೇವಂತಾನ ಮೊಮ್ಮಗಳೇನ? ಹೌದ್ರಿ ಆಯಿ. ಮೂಗು ಆಕಿದೇ ಅದ. ಆರಾಮ ಅದಾಳ? ಅದಾಳ್ರಿ. ಎಲ್ಲಿ ಕುಂದರ್ತಿದ್ಳಂತ? ವರತಿಯ ಕಡೆ ಕೈ ಮಾಡಿದೆ, ಇಲ್ಲೇ ಎಲ್ಲೋ ಇರಬೇಕ್ರಿ. ಪುತಳಾಬಾಯಿ ವರತಿಯ ಮಗ್ಗುಲಲ್ಲಿ ನಿಂತು ಉಸುಕಿನಲ್ಲಿ ಕಣ್ಣಾಡಿಸಿದಳು, ಕೋಲಿನ ತುದಿಯಿಂದ ಕೆದಕಿದಳು, ಬಗ್ಗಿ ಏನೋ ಆರಿಸಿಕೊಂಡು ಸೆರಗಿನಲ್ಲಿ ಒರೆಸಿದಳು, ಒಂದು ಬಿಳಿ ಹರಳು, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು, ವರತಿಗೆ ಹಾಕಿದಳು, ಅದು ಇಳಿದು ತಳದಲ್ಲಿ ಕೂತಿತು. ಮೇಲಕ್ಕೆ ಮುಖ ಮಾಡಿ ಕೂಗಿದಳು, ಧೊಂಡಿಬಾ, ಕುರಿ ಅಲ್ಲಿ ಬ್ಯಾಡ, ಕೆಳಗ ತಿರುವಿನಾಗ ತೊಳೀರಿ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು, ಆಯಿ, ಅಲ್ಲಿ ಮೊಳಕಾಲುದ್ದ ನೀರದ, ಒಂದೊಂದು ಕುರಿ ಮಲಗಿಸಿ ತೊಳೀಬೇಕಾಗ್ತದ, ಹೊತ್ತು ಮುಳುಗಿದ್ರೂ ಮುಗಿಯೂದಿಲ್ಲ! ಮುಗೀಲಿಲ್ಲಂದ್ರ ನಾಳಿಗಿ ತೊಳೀರಿ, ಅಂದಳು ಪುತಳಾಬಾಯಿ, ಆಕಿ ಹೊತ್ತು ಮುಳುಗೂತನ ಕುಂತಾಳ. ಅಷ್ಟೇ ಅಂದಳು, ಧ್ವನಿ ಏರಿಸಲಿಲ್ಲ, ಯಾರನ್ನೂ ಬೈಯಲಿಲ್ಲ, ಕೋಲಿನಿಂದ ಬಕೆಟ್ಟು ಬಡಿದಳು, ಢಣ್, ಢಣ್, ಢಣ್, ಉಸುಕಿನ ಮೇಲೆ ಮೆಲ್ಲಗೆ ಕೆಳಕ್ಕೆ ನಡೆದಳು, ವರತಿ ದಾಟಿ, ಪ್ರಣಾಲಿಯನ್ನು ದಾಟಿ, ಸರ್ದಾರ ಆಕಾಶ ಬಿಟ್ಟು ಕಿವಿ ನಿಮಿರಿಸಿದ, ನೀರಿನಿಂದ ಕಾಲು ಕಿತ್ತು ಓಡಿದ, ಹಿಂಡೆಲ್ಲ ಓಡಿತು, ದಂಡೆಯ ಮೇಲೆ ಮೇಲೆಯೇ, ಕರಿ ಉಣ್ಣೆ ಎಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳಿತು, ಮಡುವಿನಲ್ಲಿ ಗಂಡಸರು ಮಾತ್ರ ಉಳಿದರು, ಸೊಂಟಮಟ್ಟ ನೀರಿನಲ್ಲಿ, ಚಳಿಯಲ್ಲಿ, ಒಂದು ಕುರಿಯೂ ಇಲ್ಲದೆ.

ಗೊಣಗುತ್ತ ಎದ್ದರು, ಗೊಣಗುತ್ತಲೇ ಬಂದರು, ವರತಿಯ ಹತ್ತಿರ ಬಂದಾಗ ಸುತ್ತು ಹಾಕಿ ಹೋದರು, ಯಾರೂ ಹೇಳಿರಲಿಲ್ಲ, ಸತೀಶಕುಮಾರ ಪ್ಯಾಂಟು ಮೇಲಕ್ಕೆ ಮಡಚಿ ಚಪ್ಪಲಿ ಕೈಯಲ್ಲಿ ಹಿಡಿದು ಬಂದವನು ನನ್ನ ಎದುರು ನಿಂತು, ಆ ತುಕಡಾ ಇರಲಿ ಬಿಡ್ರಿ ಮೇಡಮ್ಮೋರ, ಅಂದ, ಅವನ ಕಣ್ಣೂ ಒದ್ದೆಯಾಗಿತ್ತು. ಈಗ ಕೆಳಗೆ ತಿರುವಿನ ಗುಂಡಿಯಲ್ಲಿ ಗದ್ದಲವೋ ಗದ್ದಲ, ಒಂದೊಂದು ಕುರಿಗೆ ಇಬ್ಬಿಬ್ಬರು, ಮಲಗಿಸಿ, ಉಜ್ಜಿ, ಮುಳುಗಿಸಿ, ಕುರಿ ಕೂಗುತ್ತದೆ, ಗಂಡಸರು ಕೂಗುತ್ತಾರೆ, ಬಕೆಟ್ಟು ಢಣ್ ಅನ್ನುತ್ತದೆ, ನೀರು ಬೂದಿಬಣ್ಣಕ್ಕೆ ತಿರುಗಿ ಕೆಳಗಿನ ಉಸುಕಿನ ಹರವಿಗೆ ಇಳಿಯುತ್ತಿದೆ, ಅದರ ಕೆಳಗೆ ಮತ್ತೆ ಯಾರೋ ಇದ್ದಾರೆ, ಇನ್ನೊಂದು ಊರು, ಇನ್ನೊಂದು ಓಣಿ, ಮಾಂಜ್ರಾದ ತನಕ ಎಲ್ಲರಿಗೂ ಕೆಳಗೆ ಒಬ್ಬರು ಇದ್ದೇ ಇರುತ್ತಾರೆ, ಉಸುಕು ದಪ್ಪಗಿದ್ದರೆ ಸೋಸಿ ಕೊಡುತ್ತದೆ, ಅದಕ್ಕೇ ಅಲ್ಲವೇ ಉಸುಕು ಇರಬೇಕು, ಅದು ಮುಂದಿನ ಸಿನಿಮಾ, ಇರಲಿ, ಒಂದು ಸಲಕ್ಕೆ ಒಂದು. ಧೊಂಡಿಬಾ ಸರ್ದಾರನ ಕೊಂಬು ಹಿಡಿದುಕೊಂಡೇ ಇತ್ತ ಕೂಗುತ್ತಾನೆ, ಏ ಮಗಳೇ, ಸಂಜಿಗಿ ನಿಮ್ಮ ಅಜ್ಜಿದು ತೋರಿಸವ್ವ, ಎಲ್ಲಾರೂ ನೋಡ್ಲಿ, ಮಡು ಅಂತೂ ಬಿಡೂದಿಲ್ಲ ನಾ, ಮುಂದಿನ ವರ್ಷ ಇವಕ್ಕ ಅಲ್ಲಿ ಈಜು ಕಲಿಸ್ತೇನಿ, ಖಾಲಿ ಈಜು, ತೊಳೆಯೂದು ಇಲ್ಲೇ! ಗಂಡಸರು ನಗುತ್ತಾರೆ, ಹೌದು ಅನ್ನುತ್ತಾರೆ, ಸಂಜೆ ಎತ್ತುವ ಕೈಗಳು ಈಗ ಒದ್ದೆಯಾಗಿ ಕುರಿಯ ಬೆನ್ನ ಮೇಲಿವೆ, ನನಗೆ ಖುಷಿಯಾಗಿದೆ, ಹೇಳಲು ಬೇರೆ ಮಾತಿಲ್ಲ, ಖುಷಿಯಾಗಿದೆ, ಬ್ಯಾಗಿನಲ್ಲಿರುವ ಆ ಇನ್ನೊಂದು ಪ್ರತಿಯನ್ನು ಮಧ್ಯಾಹ್ನವೇ ಅಳಿಸಬೇಕು, ಅಜ್ಜಿಗೆ ಫೋನ್ ಮಾಡಬೇಕು, ಜೈ ಭೀಮ್ ಅಜ್ಜಿ, ಪುತಳಾಬಾಯಿ ಅಂತ ಒಬ್ಬಾಕಿ ನೆನಪದಾಳ? ಕೆಳಗೆ ಹೋಗಿ ತೊಳೆಯುವುದನ್ನು ತೆಗೆಯಬೇಕು, ಅದೇ ಕೊನೆಯ ಶಾಟ್, ಬಾ ವಿಶಾಖಾ, ಹೊತ್ತಾಗ್ತದ, ಎಂದು ಶೀತಲ ಕರೆಯುತ್ತಿದ್ದಾಳೆ, ಬಂದೆ ಬಂದೆ ಅನ್ನುತ್ತೇನೆ, ಏಳಲಾಗುತ್ತಿಲ್ಲ, ಪ್ರಣಾಲಿ ಕೊಡ ತಲೆಯ ಮೇಲಿಟ್ಟುಕೊಂಡು ಹೋಗಿಯಾಯಿತು, ನಾನು ಅವಳು ಕೂತ ಜಾಗದಲ್ಲಿ ಕೂತಿದ್ದೇನೆ, ಬಕೆಟ್ಟಿನ ಪ್ರತಿ ಏಟಿಗೆ ನೀರಿನ ಮೇಲೆ ಒಂದು ಸಣ್ಣ ನಡುಕ ಬಂದು ಹೋಗುತ್ತದೆ, ಹೋಗಿ ತಿಳಿಯಾಗುತ್ತದೆ, ಮತ್ತೆ ನಡುಕ, ಮತ್ತೆ ತಿಳಿ, ಮೇಲಿನಿಂದ ಏನೂ ಬರುತ್ತಿಲ್ಲ, ಹೊತ್ತು ಇನ್ನೂ ನೆತ್ತಿಯ ಮೇಲಿದೆ, ಅಜ್ಜಿ, ಹೊತ್ತು ಇನ್ನೂ ನೆತ್ತಿಯ ಮೇಲಿದೆ, ಹರಳು ಕಾಣುತ್ತಿದೆ, ತಳದಲ್ಲಿ, ಬಿಳಿ ಹರಳು, ಕಾಣುತ್ತಲೇ ಇದೆ